ಬ್ಯಾಂಕ್ ಮುಳುಗಿದ್ರ ಠೇವಣಿ ಎಷ್ಟು ವಾಪಸ್ ಬರ್ತದ?

ಆಳಂದ ನಾಕಾ: ಕಲಬುರಗಿಯ ಒಂದು ಸಹಕಾರಿ ಬ್ಯಾಂಕಿನ್ಯಾಗ ತೊಗರಿ ಮಾರಿದ ರೊಕ್ಕ ₹4,80,000 ಎಫ್‌ಡಿ ಅದ, ಬಡ್ಡಿ ₹35,000 ಸೇರ್ಯದ. ಬ್ಯಾಂಕ್ ಮುಚ್ಚಿದ್ರ ಪೂರಾ ಸಿಗ್ತದೇನ್ರಿ? ಇನ್ನೊಂದು ಶಾಖೆಯಾಗ ಹಂಚಿಟ್ರ?

ಲೆಕ್ಕದ ಪುಸ್ತಕ: ಇಲ್ರೀ. ಅಸಲು, ಬಡ್ಡಿ ಕೂಡಿ ಠೇವಣಿ ವಿಮೆ ಕೊಡೋದು ₹5 ಲಕ್ಷದ ತನಕ ಅಷ್ಟೇ; 2020ರ ಫೆಬ್ರವರಿ 4ಕ್ಕ ಮೊದಲು ₹1 ಲಕ್ಷ ಇತ್ತು. ಉಳಿದ ₹15,000 ಬ್ಯಾಂಕಿನ ಆಸ್ತಿ ಮಾರಿ ಬಂದ್ರಷ್ಟೇ. ಶಾಖೆ ಬದಲಿಸಿದ್ರ ಉಪಯೋಗಿಲ್ಲ, ಎಲ್ಲಾ ಶಾಖೆ ಕೂಡಿಸೇ ಲೆಕ್ಕ. ಬೇರೆ ಬ್ಯಾಂಕ್ ಆದ್ರ ಮಿತಿ ಬೇರೆ. ಹೆಂಡತಿ ಜೊತೆಗಿನ ಜಂಟಿ ಖಾತೆಗೂ ಬೇರೆ. ಅದೇ ಬ್ಯಾಂಕಿನ್ಯಾಗ ಸಾಲ ಇದ್ರ ಮುರ್ಕೊಂಡು ಕೊಡ್ತಾರ.

ಗಂಜ್ ಕಟ್ಟೆ: ವಿಮಾ ಕಂತು ಬ್ಯಾಂಕೇ ಕಟ್ತದ, ನೀವಲ್ಲ. ಆರ್‌ಬಿಐ ಹಣ ತೆಗೆಯೋದನ್ನ ತಡೆದ್ರ, 2021ರ ತಿದ್ದುಪಡಿ ಪ್ರಕಾರ 45 ದಿನದಾಗ ಬ್ಯಾಂಕು ಠೇವಣಿದಾರರ ಪಟ್ಟಿ ಕೊಡಬೇಕು. ಒಟ್ಟು 90 ದಿನದಾಗ ಡಿಐಸಿಜಿಸಿ (ಠೇವಣಿಗೆ ವಿಮೆ ಕೊಡೋ ಆರ್‌ಬಿಐ ಅಂಗಸಂಸ್ಥೆ) ಹಣ ಕೊಡಬೇಕು. ಸಿಕ್ಕಿಬೀಳೋದು ಇಲ್ಲೇ: ಒಪ್ಪಿಗೆ ಪತ್ರ, ಕೆವೈಸಿ, ಬೇರೆ ಬ್ಯಾಂಕಿನ ಖಾತೆ ನಂಬರ್ ಕೊಡದವರ ಹೆಸರು ಹಿಂದ ಬೀಳ್ತದ.

ಲೆಕ್ಕದ ಪುಸ್ತಕ: ಮೊದಲು ಎಫ್‌ಡಿ ಬಾಂಡ್ ಮ್ಯಾಲಿನ ಸಂಸ್ಥೆ ಹೆಸರು ಓದ್ರಿ. ‘ಪತ್ತಿನ ಸಹಕಾರ ಸಂಘ’ ಅಂತಿದ್ರ ಈ ವಿಮೆಯೇ ಇಲ್ಲ, ಬೋರ್ಡ್ ಎಷ್ಟೇ ದೊಡ್ಡದಿರಲಿ.