ಮ್ಯಾಕ್ ಅಡ್ರೆಸ್ ಫಿಲ್ಟರಿಂಗ್: 'ಸೋಸುವಿಕೆ' ಸರಿಯೇ, 'ಉಣುಗೋಲು' ಅನ್ನಬಹುದೇ?

ಗೆಳೆಯರೇ,

ತೀರ್ಥಹಳ್ಳಿ ಹತ್ತಿರ ಇರುವ ನಮ್ಮ ಚಿಕ್ಕಪ್ಪನಿಗೆ ಮನೆಯ ವೈಫೈ ಕಾಪಾಡಿಕೊಳ್ಳುವ ಬಗ್ಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡುತ್ತಿದ್ದೇನೆ. 'ಮ್ಯಾಕ್ ಅಡ್ರೆಸ್ ಫಿಲ್ಟರಿಂಗ್' ಬಂದಾಗ ಕೈ ನಿಂತಿತು. ಫೋನು, ಲ್ಯಾಪ್‌ಟಾಪುಗಳು ವೈಫೈಗೆ ಸೇರುವಾಗ ಹೇಳುವ ಗುರುತಿನ ಸಂಖ್ಯೆಯೇ ಮ್ಯಾಕ್ ಅಡ್ರೆಸ್; ಪಟ್ಟಿಯಲ್ಲಿರುವ ಸಂಖ್ಯೆಗಳನ್ನು ಮಾತ್ರ ರೌಟರ್ ಒಳಗೆ ಬಿಡುವುದು ಈ ಫಿಲ್ಟರಿಂಗ್. 'ಮ್ಯಾಕ್ ವಿಳಾಸ ಸೋಸುವಿಕೆ' ಅಂತ ಬರೆದೆ. ಎರಡು ಪದವೂ ಹೊಂದುತ್ತಿಲ್ಲ.

ಮೊದಲು 'ವಿಳಾಸ'. ಹೊಸ ಫೋನಿನ ಮ್ಯಾಕ್ ಸಂಖ್ಯೆಯನ್ನು ರೌಟರಿನ ಪಟ್ಟಿಗೆ ಸೇರಿಸಿದರೂ ಚಿಕ್ಕಪ್ಪನಿಗೆ ವೈಫೈ ಸಿಗಲಿಲ್ಲ. 2019ರ ಆಂಡ್ರಾಯ್ಡ್ 10ರಿಂದ ಈಚೆಗೆ ಫೋನು ತನ್ನ ಅಸಲಿ ಸಂಖ್ಯೆ ಹೇಳದೆ ಒಂದೊಂದು ವೈಫೈಗೆ ಒಂದೊಂದು ಸಂಖ್ಯೆ ಹೇಳುತ್ತದೆ. "ವಿಳಾಸ ಬದಲಾಗಿದೆ" ಅಂದೆ. "ನಾವು ಮನೆ ಬಿಟ್ಟು ಎಲ್ಲಿಗೂ ಹೋಗಿಲ್ಲವಲ್ಲ ಮಾರಾಯ" ಅಂದರು. ಅವರು ಹೇಳಿದ್ದು ಸರಿ ಅಲ್ವಾ? ಇದು ಜಾಗ ಹೇಳುವುದಿಲ್ಲ, ಯಾರು ಅಂತ ಹೇಳುತ್ತದೆ. ಹಾಗಾಗಿ 'ಗುರುತು ಸಂಖ್ಯೆ' ಅಂತ ತಿದ್ದಿದೆ.

'ಸೋಸು' ಜಾಸ್ತಿ ಕಾಡುತ್ತಿದೆ. ಕಾಫಿ ಸೋಸಿದರೆ ಚರಟ ಬಟ್ಟೆಯಲ್ಲೇ ಉಳಿಯುತ್ತದೆ, ಡಿಕಾಕ್ಷನ್ ಇಳಿಯುತ್ತದೆ. ವೇಷ ಹಾಕಿಕೊಂಡು ಇಳಿಯಲು ಚರಟಕ್ಕೆ ಆಗುವುದಿಲ್ಲ. ಇಲ್ಲಿ ಆಗುತ್ತದೆ. ಬಂದವರು ಹೇಳಿದ ಸಂಖ್ಯೆ ಪಟ್ಟಿಯಲ್ಲಿದೆಯಾ ಅಂತ ಮಾತ್ರ ರೌಟರ್ ನೋಡುತ್ತದೆ. ಆ ಸಂಖ್ಯೆಯೋ ಗುಟ್ಟಲ್ಲ. ಡಬ್ಲ್ಯೂಪಿಎ2 ಎಂಬ ವೈಫೈ ಭದ್ರತೆ ಇದ್ದರೂ ಮುಸುಕು ಬೀಳುವುದು ಒಳಗಿನ ಮಾಹಿತಿಗೆ, ಸಂಖ್ಯೆ ಬಯಲಲ್ಲೇ ಓಡಾಡುತ್ತದೆ. ಬೇಲಿಯಾಚೆ ಕೂತವರು ಅದನ್ನು ಓದಿ ತಮ್ಮ ಲ್ಯಾಪ್‌ಟಾಪಿಗೆ ಹಾಕಿಕೊಳ್ಳಬಹುದು. ಚಿಕ್ಕಪ್ಪ ಇದೇ ಸಾಕು ಅಂತ ಪಾಸ್‌ವರ್ಡನ್ನೇ ತೆಗೆದಿದ್ದರು! ಅದಕ್ಕೇ ಈ ಪದ ಸುಮ್ನೆ ಬಿಡುವಂಥದ್ದಲ್ಲ ಅನಿಸಿತು.

ಅವರ ಅಂಗಳದ ಬಾಯಲ್ಲೇ ನನಗೆ ಪದ ಸಿಕ್ಕಿತು: ಉಣುಗೋಲು. ತೂತು ಕೊರೆದ ಎರಡು ಕಂಬ, ನಡುವೆ ಅಡ್ಡಕ್ಕೆ ತೂರಿಸಿದ ಗಳಗಳು. ದನ ನುಗ್ಗುವುದಿಲ್ಲ. ಮನುಷ್ಯ ಎರಡು ಗಳ ಸರಿಸಿ ಬರುತ್ತಾನೆ. ಹಾಗಂತ ಯಾರೂ ಉಣುಗೋಲು ಹಾಕಿ ಮನೆ ಬಾಗಿಲು ತೆರೆದಿಟ್ಟು ಊರಿಗೆ ಹೋಗುವುದಿಲ್ಲ. ಬೀಗ ಅಂದರೆ ಡಬ್ಲ್ಯೂಪಿಎ2 ಅಥವಾ 3, ಜೊತೆಗೆ ಉದ್ದದ ಪಾಸ್‌ವರ್ಡ್. ಹೀಗೆ ಹೇಳಿದ ಮೇಲೆ ಚಿಕ್ಕಪ್ಪ ಅವತ್ತೇ ಪಾಸ್‌ವರ್ಡ್ ಹಾಕಿಸಿಕೊಂಡರು.

ಆದರೆ ಬಯಲುಸೀಮೆಯವರಿಗೆ 'ಉಣುಗೋಲು' ತಿಳಿಯುತ್ತದೆಯೇ? ನಮ್ಮಲ್ಲೇ ಕೆಲವರು 'ದಣಪೆ' ಅನ್ನುತ್ತಾರೆ. ದನ ತಡೆದು ಜನರನ್ನು ಬಿಡುವ ಇಂಥ ಅಡ್ಡಕ್ಕೆ ನಿಮ್ಮ ಕಡೆ ಏನು ಹೆಸರು? ಎಲ್ಲರಿಗೂ ಆಗುವಂತೆ 'ಪಟ್ಟಿತಡೆ' ಅಂದರೆ ಅದು ಬೀಗದಷ್ಟು ಗಟ್ಟಿ ಅಂತ ಕೇಳಿಸುತ್ತದೆಯೇ?