ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿದರೆ ವಿಂಡೋಸ್‌ಗೆ ಕಾಣಿಸುತ್ತಲೇ ಇಲ್ಲ (ಬಿ550 ಬೋರ್ಡ್, ಎರಡು ಆರ್‌ಟಿಎಕ್ಸ್ 3060)

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ನಾನು ಬ್ಲೆಂಡರ್ ಅನ್ನುವ 3ಡಿ ಸಾಫ್ಟ್‌ವೇರ್‌ನಲ್ಲಿ ಮನೆಗಳ ವಾಕ್‌ಥ್ರೂ (ಮನೆಯೊಳಗೆ ನಡೆದಾಡಿದಂತೆ ತೋರಿಸುವ) ವಿಡಿಯೋ ಮಾಡಿಕೊಡುತ್ತೇನೆ. ಒಂದೇ ಕಾರ್ಡ್‌ನಲ್ಲಿ ರಾತ್ರಿಯಿಡೀ ರೆಂಡರ್ (ದೃಶ್ಯವನ್ನು ಚಿತ್ರವಾಗಿಸುವ ಲೆಕ್ಕ) ಓಡಿದರೂ ಕೆಲಸ ಮುಗಿಯುತ್ತಿರಲಿಲ್ಲ. ಅದಕ್ಕೆ ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಇನ್ನೊಂದು ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 (12 ಜಿಬಿ) ತರಿಸಿಕೊಂಡೆ.

ಕಂಪ್ಯೂಟರ್ ನಾನೇ ಜೋಡಿಸಿದ್ದು. ರೈಜೆನ್ 5 5600, ಬಿ550 ಮದರ್‌ಬೋರ್ಡ್, 32 ಜಿಬಿ ರ‍್ಯಾಮ್, 550 ವ್ಯಾಟ್ ಪವರ್ ಸಪ್ಲೈ, 600 ವಿಎ ಯುಪಿಎಸ್. ವಿಂಡೋಸ್ 10 ಹಳೆಯ ಸಾಟಾ ಎಸ್‌ಎಸ್‌ಡಿಯಲ್ಲಿದೆ, ಹಿಂದಿನ ಕಂಪ್ಯೂಟರ್‌ನಿಂದ ಹಾಗೇ ತೆಗೆದು ಹಾಕಿದ್ದು. ಕೆಲಸದ ಫೈಲುಗಳು ಒಂದು ಎನ್‌ವಿಎಂಇ (ಬೋರ್ಡಿಗೇ ನೇರವಾಗಿ ಕೂರುವ ವೇಗದ) ಎಸ್‌ಎಸ್‌ಡಿಯಲ್ಲಿವೆ. ಅದು ಬೋರ್ಡಿನ ಕೆಳಗಿನ ಎಂ.2 ಸ್ಲಾಟ್‌ನಲ್ಲಿದೆ.

ಹೊಸ ಕಾರ್ಡನ್ನು ಕೆಳಗಿನ ಉದ್ದ ಸ್ಲಾಟ್‌ಗೆ ಹಾಕಿದರೆ ಫ್ಯಾನ್ ತಿರುಗುತ್ತದೆ, ಲೈಟ್ ಬರುತ್ತದೆ. ಆದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಒಂದೇ ಕಾರ್ಡ್ ಇದೆ. ಡ್ರೈವರ್ ತೆಗೆದು ಮತ್ತೆ ಹಾಕಿದರೂ ಅಷ್ಟೇ. ಕಾರ್ಡ್ ಕೆಟ್ಟಿದೆಯಾ? ಎರಡನ್ನೂ ಸೇರಿಸಲು ಎಸ್‌ಎಲ್‌ಐ ಬ್ರಿಡ್ಜ್ ಬೇಕಾ?

ಮೈಸೂರಿನಿಂದ

ಸರ್, ಬ್ರಿಡ್ಜ್ ವಿಷಯ ಮೊದಲು ಮುಗಿಸಿಬಿಡೋಣ. ಬೇಡ. 3060ರಲ್ಲಿ ಬ್ರಿಡ್ಜ್ ಹಾಕುವ ಜಾಗವೇ ಇಲ್ಲ. 30 ಸರಣಿಯಲ್ಲಿ 3090 ಮತ್ತು 3090 ಟಿಐಗೆ ಮಾತ್ರ ಎನ್‌ವಿಲಿಂಕ್ (ಆ ಬ್ರಿಡ್ಜ್‌ನ ಹೊಸ ರೂಪ) ಇತ್ತು, 40 ಸರಣಿಯಲ್ಲಿ ಅದನ್ನೂ ತೆಗೆದರು. ಆಟಗಳಿಗೆ ಹೊಸ ಎಸ್‌ಎಲ್‌ಐ ಪ್ರೊಫೈಲ್ ಸೇರಿಸುವುದನ್ನು ಎನ್‌ವಿಡಿಯಾ 2021ರ ಜನವರಿಯಿಂದ ನಿಲ್ಲಿಸಿದೆ. ಆಟಕ್ಕಾಗಿ ಎರಡು ಕಾರ್ಡ್ ಹಾಕುವ ಕಾಲ ಹೋಯಿತು. ಬ್ಲೆಂಡರ್‌ಗೆ ಇದ್ಯಾವುದೂ ಬೇಕಿಲ್ಲ. ಅದರ ರೆಂಡರ್ ಎಂಜಿನ್ ಸೈಕಲ್ಸ್ ಎರಡು ಕಾರ್ಡನ್ನೂ ತಾನೇ ಬೇರೆ ಬೇರೆಯಾಗಿ ದುಡಿಸಿಕೊಳ್ಳುತ್ತದೆ.

ಕಾರ್ಡ್ ಕೆಟ್ಟಿದೆ ಅಂತ ಈಗಲೇ ತೀರ್ಮಾನ ಮಾಡಬೇಡಿ. ಹಳೆಯ ಕಾರ್ಡ್ ಪೂರ್ತಿ ತೆಗೆದು, ಹೊಸದನ್ನು ಮೇಲಿನ ಸ್ಲಾಟ್‌ಗೆ ಒಂಟಿಯಾಗಿ ಹಾಕಿ ನೋಡಿ. ಅಲ್ಲಿ ಒಂದು ರೆಂಡರ್ ಪೂರ್ತಿ ಓಡಿತು ಅಂದರೆ ಕಾರ್ಡ್ ಸರಿ ಇದೆ. ಆಮೇಲೆ ನಿಮ್ಮ ಚೆನ್ನಾಗಿರುವ ಹಳೆಯ ಕಾರ್ಡನ್ನು ಕೆಳಗಿನ ಸ್ಲಾಟ್‌ಗೆ ಹಾಕಿ. ಅದೂ ಅಲ್ಲಿ ಕಾಣಿಸದಿದ್ದರೆ ತೊಂದರೆ ಸ್ಲಾಟ್ ಕಡೆಯದು. ಫ್ಯಾನ್ ತಿರುಗುವುದನ್ನು ನಂಬಬೇಡಿ. ಫ್ಯಾನ್‌ಗೆ ಕರೆಂಟ್ ಸಾಕು, ಡೇಟಾ ಲೇನ್ (ಡೇಟಾ ಓಡಾಡುವ ದಾರಿ) ಸತ್ತಿದ್ದರೂ ಅದು ತಿರುಗುತ್ತದೆ.

ನನಗೆ ಅನುಮಾನ ಇರುವುದು ನಿಮ್ಮ ಎನ್‌ವಿಎಂಇ ಮೇಲೆ. ನಿಮ್ಮ 5600 ಪ್ರೊಸೆಸರ್‌ನಲ್ಲಿ ಒಟ್ಟು 24 ಪಿಸಿಐಇ ಲೇನ್ ಇವೆ. ಮೇಲಿನ ಗ್ರಾಫಿಕ್ಸ್ ಸ್ಲಾಟ್‌ಗೆ 16, ಮೇಲಿನ ಎಂ.2ಗೆ 4, ಚಿಪ್‌ಸೆಟ್ (ಬೋರ್ಡಿನ ಮೇಲಿನ ಸಹಾಯಕ ಚಿಪ್) ಜೊತೆ ಮಾತಾಡಲು 4. ಅಲ್ಲಿಗೆ ಮುಗಿಯಿತು. ಕೆಳಗಿನ ಉದ್ದ ಸ್ಲಾಟ್, ಕೆಳಗಿನ ಎಂ.2, ಸಣ್ಣ ಎಕ್ಸ್1 ಸ್ಲಾಟ್‌ಗಳು ಇವೆಲ್ಲ ಬಿ550 ಚಿಪ್‌ಸೆಟ್ ಕೊಡುವ ಜೆನ್ 3 (ಮೂರನೇ ತಲೆಮಾರಿನ) ಲೇನ್‌ಗಳನ್ನೇ ಹಂಚಿಕೊಳ್ಳಬೇಕು. ನೋಡಲು ಎರಡೂ ಸ್ಲಾಟ್ ಒಂದೇ ಉದ್ದ ಇದ್ದರೂ ಬಹುತೇಕ ಬೋರ್ಡುಗಳಲ್ಲಿ ಕೆಳಗಿನದರಲ್ಲಿ ಸಿಗುವುದು ಹೆಚ್ಚೆಂದರೆ 4 ಲೇನ್. ಅದರ ಮೇಲೆ ಹಲವು ಬೋರ್ಡುಗಳಲ್ಲಿ ಕೆಳಗಿನ ಎಂ.2ಗೆ ಏನಾದರೂ ಹಾಕಿದರೆ ಕೆಳಗಿನ ಉದ್ದ ಸ್ಲಾಟ್ ಬಂದ್ ಆಗುತ್ತದೆ. ಕೆಲವು ಬೋರ್ಡುಗಳಲ್ಲಿ ಸಾಟಾ ಪೋರ್ಟುಗಳು ಬಂದ್ ಆಗುತ್ತವೆ. ನಿಮ್ಮದರಲ್ಲಿ ಹೇಗೆ ಅನ್ನುವುದು ಮ್ಯಾನುಯಲ್‌ನಲ್ಲಿ ಸ್ಲಾಟ್‌ಗಳ ಪಟ್ಟಿ ಇರುವ ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಕೆಳಗಿನ ಸ್ಲಾಟ್‌ಗೆ ಕೈ ಹಾಕುವ ಮೊದಲು ಆ ಸಾಲು ಓದಲೇಬೇಕು ಸರ್. ಎರಡು ಕಾರ್ಡಿನ ತೊಂದರೆಗಳಲ್ಲಿ ಬಹಳಷ್ಟು ಅಲ್ಲೇ ಬಗೆಹರಿಯುತ್ತವೆ.

ಬೆಂಗಳೂರಿನಿಂದ

ಕೆಳಗಿನ ಸ್ಲಾಟ್ ಕೆಲಸ ಮಾಡದಿದ್ದರೆ ಎಕ್ಸ್1 ಸ್ಲಾಟ್‌ಗೆ ರೈಸರ್ (ಕಾರ್ಡನ್ನು ದೂರದಿಂದ ಜೋಡಿಸುವ ಕೇಬಲ್) ಹಾಕಬಹುದಲ್ವಾ? ಮೈನಿಂಗ್ ಮಾಡುವವರು ಬಳಸುತ್ತಿದ್ದ ಯುಎಸ್‌ಬಿ ಕೇಬಲ್ ಥರದ್ದು ಈಗ ಕಡಿಮೆ ಬೆಲೆಗೆ ಸಿಗುತ್ತದೆ. ಪವರ್‌ಗೆ ಸಾಟಾ ಕನೆಕ್ಟರ್ ಸಾಕು.

ಹುಬ್ಬಳ್ಳಿಯಿಂದ

ಅದನ್ನು ಮಾತ್ರ ಮಾಡಬೇಡ್ರಿ. ಸಾಟಾ ಪವರ್ ಕನೆಕ್ಟರ್‌ನಲ್ಲಿ 12 ವೋಲ್ಟ್‌ಗೆ ಸಿಗುವುದು 4.5 ಆಂಪಿಯರ್, ಅಂದರೆ 54 ವ್ಯಾಟ್. ಗ್ರಾಫಿಕ್ಸ್ ಕಾರ್ಡ್ ಸ್ಲಾಟ್‌ನಿಂದಲೇ 75 ವ್ಯಾಟ್‌ವರೆಗೆ ಕೇಳಬಹುದು. ಕನೆಕ್ಟರ್ ಬಿಸಿಯಾಗಿ ಕರಗುತ್ತದೆ, ಹೊತ್ತಿಕೊಳ್ಳಲೂಬಹುದು. ಸಾಟಾದಿಂದ 8 ಪಿನ್ ಮಾಡುವ ಅಡಾಪ್ಟರ್ ಇನ್ನೂ ಕೆಟ್ಟದ್ದು, ಯಾಕಂದರೆ 8 ಪಿನ್‌ನಲ್ಲಿ ಕಾರ್ಡ್ 150 ವ್ಯಾಟ್ ಎಳೆಯಬಹುದು. ರಾತ್ರಿಯಿಡೀ ಯಾರೂ ನೋಡದೆ ಓಡುವ ಕಂಪ್ಯೂಟರ್ ಇದು. ಮನೆಯವರೆಲ್ಲ ಮಲಗಿರುತ್ತಾರೆ. ದಯವಿಟ್ಟು ಬೇಡ.

ಇನ್ನೊಂದು ಮಾತು. ಮುಂದೆ ಪವರ್ ಸಪ್ಲೈ ಬದಲಿಸುವ ಪ್ರಸಂಗ ಬಂದರೆ ಹಳೆಯದರ ಮಾಡ್ಯುಲರ್ (ಬಿಚ್ಚಿ ಹಾಕಬಹುದಾದ) ಕೇಬಲ್ ಹೊಸದಕ್ಕೆ ಚುಚ್ಚಬೇಡಿ. ಕಾರ್ಡಿನ ತುದಿ ಒಂದೇ ಥರ ಇದ್ದರೂ ಪವರ್ ಸಪ್ಲೈ ಕಡೆಯ ತುದಿಯಲ್ಲಿ ವೈರುಗಳ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಅದರದೇ ಕೇಬಲ್ ಜೊತೆಗೆ ಬಂದರೆ ಮಾತ್ರ ತಗೊಳ್ಳಿ.

ದಾವಣಗೆರೆಯಿಂದ

ಮೈಸೂರಿನ ಸರ್ ಹೇಳಿದ್ದೇ ಸರಿ. ಹೊಸ ಕಾರ್ಡ್ ಮೇಲಿನ ಸ್ಲಾಟ್‌ನಲ್ಲಿ ಚೆನ್ನಾಗಿ ಓಡಿತು. ಹಳೆಯದು ಕೆಳಗಿನ ಸ್ಲಾಟ್‌ನಲ್ಲಿ ಕಾಣಿಸಲಿಲ್ಲ. ಮ್ಯಾನುಯಲ್‌ನಲ್ಲೂ ಆ ಸಾಲು ಸಿಕ್ಕಿತು: ಕೆಳಗಿನ ಎಂ.2 ಬಳಸಿದರೆ ಕೆಳಗಿನ ಉದ್ದ ಸ್ಲಾಟ್ ಇಲ್ಲ. ಎನ್‌ವಿಎಂಇಯನ್ನು ಮೇಲಿನ ಎಂ.2ಗೆ ಸರಿಸಿದೆ. ಒಂದು ರೂಪಾಯಿ ಖರ್ಚಿಲ್ಲ.

ಈಗ ಎರಡೂ ಕಾರ್ಡ್ ಕಾಣುತ್ತಿವೆ, ಆದರೆ ಎರಡನೆಯದರ ಮೇಲೆ ಹಳದಿ ಗುರುತು. ಕೋಡ್ 12 ಅಂತ ತೋರಿಸುತ್ತಿದೆ, ಸಾಕಷ್ಟು ರಿಸೋರ್ಸ್ ಸಿಗುತ್ತಿಲ್ಲ ಅನ್ನುತ್ತಿದೆ.

ಮೈಸೂರಿನಿಂದ

ಕೋಡ್ 12 ಬಂದರೆ ಒಳ್ಳೆಯದೇ ಸರ್. ಕಾರ್ಡ್ ಸಿಕ್ಕಿದೆ, ಅದಕ್ಕೆ ಕೊಡಲು ವಿಳಾಸ ಇಲ್ಲ, ಅಷ್ಟೇ. ಪ್ರತಿ ಕಾರ್ಡ್ ತನ್ನ ಮೆಮೊರಿಯ ಒಂದು ಭಾಗವನ್ನು ಸಿಸ್ಟಂನ ವಿಳಾಸಗಳಲ್ಲಿ ಕಾಣುವ ಹಾಗೆ ಇಡಬೇಕು. ಹಳೆಯ ಪದ್ಧತಿಯಲ್ಲಿ ಅದೆಲ್ಲ ಮೊದಲ 4 ಜಿಬಿ ಒಳಗೇ ಹಿಡಿಸಬೇಕು. ಎರಡು ಕಾರ್ಡ್ ಬಂದಾಗ ಅಲ್ಲಿ ಜಾಗ ಸಾಲುವುದಿಲ್ಲ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ‘ಅಬವ್ 4ಜಿ ಡಿಕೋಡಿಂಗ್’ ಅಂತ ಇರುತ್ತದೆ, ಅದನ್ನು ಆನ್ ಮಾಡಿ. ಪಕ್ಕದಲ್ಲೇ ‘ರೀಸೈಜಬಲ್ ಬಾರ್’ ಇರುತ್ತದೆ. ಅದನ್ನು ಈಗ ಮುಟ್ಟಬೇಡಿ, ಎಲ್ಲ ಸರಿಹೋದ ಮೇಲೆ ನೋಡೋಣ.

ಆ ಆಯ್ಕೆ ಮಸುಕಾಗಿದ್ದರೆ ಅಥವಾ ಆನ್ ಮಾಡಿದರೂ ಫಲ ಇಲ್ಲದಿದ್ದರೆ ಸಿಎಸ್‌ಎಂ (ಹಳೆಯ ರೀತಿಯಲ್ಲಿ ಬೂಟ್ ಮಾಡಲು ಇರುವ ಆಯ್ಕೆ) ಆಫ್ ಮಾಡಬೇಕಾಗುತ್ತದೆ. ಇಲ್ಲಿ ಸ್ವಲ್ಪ ನಿಲ್ಲಿ. ನಿಮ್ಮ ವಿಂಡೋಸ್ ಹಳೆಯ ಕಂಪ್ಯೂಟರ್‌ನದು ಅಂದಿರಿ. ಆ ಡಿಸ್ಕ್ ಎಂಬಿಆರ್ (ಡಿಸ್ಕನ್ನು ಭಾಗ ಮಾಡುವ ಹಳೆಯ ಪದ್ಧತಿ, ಹೊಸದು ಜಿಪಿಟಿ) ರೀತಿಯದ್ದಾಗಿದ್ದರೆ ಸಿಎಸ್‌ಎಂ ಆಫ್ ಮಾಡಿದ ಕೂಡಲೇ ವಿಂಡೋಸ್ ಬೂಟ್ ಆಗುವುದಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್‌ನ ಪ್ರಾಪರ್ಟೀಸ್ ತೆರೆದು ವಾಲ್ಯೂಮ್ಸ್ ಟ್ಯಾಬ್ ನೋಡಿ, ಎಂಬಿಆರ್ ಅಥವಾ ಜಿಪಿಟಿ ಅಂತ ಬರೆದಿರುತ್ತದೆ.

ಎಂಬಿಆರ್ ಇದ್ದರೆ ವಿಂಡೋಸ್ ಮತ್ತೆ ಹಾಕುವ ಅಗತ್ಯ ಇಲ್ಲ. ವಿಂಡೋಸ್ 10ರಲ್ಲೇ (1703 ಆವೃತ್ತಿಯಿಂದ) ‘ಎಂಬಿಆರ್2ಜಿಪಿಟಿ’ ಅನ್ನುವ ಉಪಕರಣ ಇದೆ. ಮೊದಲು ಮುಖ್ಯ ಫೈಲುಗಳ ಬ್ಯಾಕಪ್ ಬೇರೆ ಡಿಸ್ಕ್‌ಗೆ ತೆಗೆದುಕೊಳ್ಳಿ. ಬಿಟ್‌ಲಾಕರ್ (ಡಿಸ್ಕ್ ಎನ್‌ಕ್ರಿಪ್ಶನ್) ಇದ್ದರೆ ಸಸ್ಪೆಂಡ್ ಮಾಡಿ. ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು ಅದನ್ನು ‘ವ್ಯಾಲಿಡೇಟ್’ ಆಯ್ಕೆಯೊಂದಿಗೆ ಓಡಿಸಿ. ಪಾಸಾದರೆ ಮಾತ್ರ ‘ಕನ್ವರ್ಟ್’. ಓಡುತ್ತಿರುವ ವಿಂಡೋಸ್‌ನಿಂದಲೇ ಮಾಡುವುದರಿಂದ ಎರಡೂ ಸಲ ‘ಅಲೌಫುಲ್‌ಒಎಸ್’ ಆಯ್ಕೆಯನ್ನೂ ಸೇರಿಸಬೇಕು. ಡಿಸ್ಕ್‌ನಲ್ಲಿ ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ ಇದ್ದರೆ ಅದು ಒಪ್ಪುವುದಿಲ್ಲ. ಕನ್ವರ್ಟ್ ಆದ ಮೇಲೆ ನೇರವಾಗಿ ಬಯೋಸ್‌ಗೆ ಹೋಗಿ ಸಿಎಸ್‌ಎಂ ಆಫ್ ಮಾಡಿ.

ದಾವಣಗೆರೆಯಿಂದ

ಡಿಸ್ಕ್ ಎಂಬಿಆರ್ ಆಗಿತ್ತು. ಬ್ಯಾಕಪ್ ತೆಗೆದು ಕನ್ವರ್ಟ್ ಮಾಡಿ ಸಿಎಸ್‌ಎಂ ಆಫ್, ಅಬವ್ 4ಜಿ ಆನ್ ಮಾಡಿದೆ. ಹಳದಿ ಗುರುತು ಹೋಯಿತು! ಬ್ಲೆಂಡರ್ ಪ್ರಿಫರೆನ್ಸಸ್‌ನ ಸಿಸ್ಟಂ ವಿಭಾಗದಲ್ಲಿ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡಿನಲ್ಲಿ ರೆಂಡರ್ ಮಾಡುವ ಆಯ್ಕೆ) ಕೆಳಗೆ ಎರಡು 3060 ಬಂದಿವೆ, ಎರಡಕ್ಕೂ ಟಿಕ್ ಹಾಕಿದೆ.

ಆದರೆ ರೆಂಡರ್ ಶುರುವಾಗಿ ಸ್ವಲ್ಪ ಹೊತ್ತಿಗೆ ಕಂಪ್ಯೂಟರ್ ಫಕ್ಕನೆ ಆಫ್ ಆಗುತ್ತದೆ. ನೀಲಿ ಸ್ಕ್ರೀನ್ ಏನೂ ಇಲ್ಲ. ಈವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಅಂತಿದೆ.

ಹುಬ್ಬಳ್ಳಿಯಿಂದ

41 ಅಂದರೆ ಕಂಪ್ಯೂಟರ್ ಸರಿಯಾಗಿ ಶಟ್‌ಡೌನ್ ಆಗದೆ ಇದ್ದಕ್ಕಿದ್ದಂತೆ ನಿಂತಿತು ಅಂತ ಮಾತ್ರ. ಯಾಕೆ ಅಂತ ಅದು ಹೇಳುವುದಿಲ್ಲ. ನೀವು ಇದನ್ನು ನೋಡಿ: ಆಫ್ ಆಗುವಾಗ ಮಾನಿಟರ್‌ನ ಲೈಟ್ ಕೂಡ ಹೋಗುತ್ತದಾ, ಯುಪಿಎಸ್ ಕೂಗುತ್ತದಾ? ಹಾಗಿದ್ದರೆ ಯುಪಿಎಸ್ ಕೈ ಎತ್ತಿದೆ. ಕ್ಯಾಬಿನೆಟ್ ಮಾತ್ರ ಆಫ್ ಆಗಿ ಮಾನಿಟರ್ ‘ಸಿಗ್ನಲ್ ಇಲ್ಲ’ ಅಂದರೆ ಪವರ್ ಸಪ್ಲೈ.

ನನ್ನ ಲೆಕ್ಕದಲ್ಲಿ ಎರಡಕ್ಕೂ ಭಾರ ಜಾಸ್ತಿಯಾಗಿದೆ. ಕಾರ್ಡುಗಳು ತಲಾ 170 ವ್ಯಾಟ್, ಸೇರಿ 340. 5600 ಗರಿಷ್ಠ 76. ಬೋರ್ಡ್, ರ‍್ಯಾಮ್, ಡಿಸ್ಕ್, ಫ್ಯಾನ್ ಎಲ್ಲ ಸೇರಿ ಇನ್ನೊಂದು 50-60. ಒಟ್ಟು 470ರ ಆಸುಪಾಸು. 550ರೊಳಗೆ ಇದೆಯಲ್ಲ ಅನ್ನಿಸಬಹುದು. ಆದರೆ ಈ ಕಾರ್ಡುಗಳು ಕೆಲವು ಮಿಲಿಸೆಕೆಂಡು ತಮ್ಮ ಮಿತಿ ಮೀರಿ ಎಳೆಯುತ್ತವೆ. ಎರಡೂ ಒಟ್ಟಿಗೆ ಎಳೆದ ಗಳಿಗೆಯಲ್ಲಿ ಪವರ್ ಸಪ್ಲೈನ ರಕ್ಷಣೆ ಕೆಲಸ ಮಾಡಿ ಆಫ್ ಆಗುತ್ತದೆ. ಒಂದೇ ಕೇಬಲ್‌ನ ಎರಡು ತುದಿಯಿಂದ ಎರಡು ಕಾರ್ಡ್‌ಗೆ ಕೊಟ್ಟಿದ್ದರೆ ಅದನ್ನೂ ಬಿಡಿಸಿ, ಕಾರ್ಡ್‌ಗೊಂದು ಕೇಬಲ್ ಇರಲಿ.

ಯುಪಿಎಸ್‌ನದು ಇನ್ನೂ ನೇರ ವಿಷಯ. 600 ವಿಎ ಅಂದರೆ ಸಾಮಾನ್ಯವಾಗಿ 360 ವ್ಯಾಟ್. ನಿಮ್ಮ ಪೆಟ್ಟಿಗೆ ಗೋಡೆಯಿಂದ 530-550 ವ್ಯಾಟ್ ಎಳೆಯುತ್ತದೆ, ಯಾಕಂದರೆ ಪವರ್ ಸಪ್ಲೈನಲ್ಲೂ ಸ್ವಲ್ಪ ನಷ್ಟ ಆಗುತ್ತದೆ. ಮೊದಲು ಯುಪಿಎಸ್ ಬಿಟ್ಟು ನೇರವಾಗಿ ಗೋಡೆಯ ಪ್ಲಗ್‌ಗೆ ಹಾಕಿ ನೋಡಿ.

ಆಮೇಲೆ ಪವರ್ ಮಿತಿ ಇಳಿಸಿ. ಅಡ್ಮಿನ್ ಆಗಿ ‘ಎನ್‌ವಿಡಿಯಾ-ಎಸ್‌ಎಂಐ’ ಕಮಾಂಡ್‌ಗೆ ‘ಪಿಎಲ್’ ಆಯ್ಕೆ ಕೊಟ್ಟು 130 ಅಂತ ಹಾಕಿ, ಎರಡು ಕಾರ್ಡ್‌ಗೂ ಅನ್ವಯ ಆಗುತ್ತದೆ. ರೆಂಡರ್ ವೇಗ ಅಷ್ಟೇನೂ ಕಮ್ಮಿಯಾಗುವುದಿಲ್ಲ, ಕರೆಂಟ್ ಮಾತ್ರ 80 ವ್ಯಾಟ್ ಉಳಿಯುತ್ತದೆ. ರೀಸ್ಟಾರ್ಟ್ ಮಾಡಿದರೆ ಮಿತಿ ಹಿಂದಿನ ಹಾಗೇ ಆಗುತ್ತದೆ. ಟಾಸ್ಕ್ ಶೆಡ್ಯೂಲರ್‌ನಲ್ಲಿ ಹಾಕಿಟ್ಟರೆ ಪ್ರತಿ ಸಲ ತಾನೇ ಓಡುತ್ತದೆ.

ದಾವಣಗೆರೆಯಿಂದ

ಮಾನಿಟರ್ ಕೂಡ ಹೋಗುತ್ತಿತ್ತು. ನೇರ ಗೋಡೆಗೆ ಹಾಕಿದ ಮೇಲೆ ಹೆಚ್ಚು ಹೊತ್ತು ಓಡಿತು, ಆದರೆ ಆಗಲೂ ಒಮ್ಮೆ ಕ್ಯಾಬಿನೆಟ್ ಮಾತ್ರ ಆಫ್ ಆಯಿತು. 130 ವ್ಯಾಟ್ ಮಿತಿ ಹಾಕಿದ ಮೇಲೆ ಇಡೀ ರಾತ್ರಿ ನಿಲ್ಲದೆ ಓಡಿದೆ. ಆದರೂ 750 ವ್ಯಾಟ್‌ನ ಹೊಸ ಪವರ್ ಸಪ್ಲೈ ಮತ್ತು 1100 ವಿಎ ಯುಪಿಎಸ್ ತರುತ್ತೇನೆ. ನಮ್ಮಲ್ಲಿ ಕರೆಂಟ್ ಹೋಗುವುದು ಮಾಮೂಲು, ಯುಪಿಎಸ್ ಇಲ್ಲದೆ ಆಗುವುದಿಲ್ಲ. ಮನೆಗೆ ಇನ್ವರ್ಟರ್ ಇದೆ, ಅದಕ್ಕೆ ಹಾಕಬಹುದಾ?

ಒಂದು ಫ್ರೇಮ್‌ಗೆ ಹಿಡಿಯುವ ಸಮಯ ಅರ್ಧಕ್ಕೆ ಬಂದಿಲ್ಲ, ಅದು ಯಾಕೆ? ಎರಡು ಸೇರಿ 24 ಜಿಬಿ ಆಯಿತು ಅಂತ ತಿಳಿದುಕೊಳ್ಳಬಹುದಾ?

ಹುಬ್ಬಳ್ಳಿಯಿಂದ

ಇನ್ವರ್ಟರ್ ಸ್ಕ್ವೇರ್ ವೇವ್ (ಗೋಡೆಯ ಕರೆಂಟ್‌ನ ಹಾಗೆ ನಯವಲ್ಲದ, ಚೌಕ ಅಲೆಯ ಕರೆಂಟ್ ಕೊಡುವಂಥದ್ದು) ಆಗಿದ್ದರೆ ಬೇಡ. ಈಗಿನ ಪವರ್ ಸಪ್ಲೈಗಳಲ್ಲಿ ಆ್ಯಕ್ಟಿವ್ ಪಿಎಫ್‌ಸಿ (ಕರೆಂಟ್ ಎಳೆಯುವ ರೀತಿಯನ್ನು ಸರಿಪಡಿಸುವ ಭಾಗ) ಇರುತ್ತದೆ, ಅದಕ್ಕೂ ಸ್ಕ್ವೇರ್ ವೇವ್‌ಗೂ ಆಗಿಬರುವುದಿಲ್ಲ. ಯುಪಿಎಸ್ ತಗೊಳ್ಳುವಾಗ ವಿಎ ನೋಡಬೇಡಿ, ಹಿಂದಿನ ಲೇಬಲ್‌ನಲ್ಲಿ ವ್ಯಾಟ್ ಎಷ್ಟಿದೆ ನೋಡಿ. 660 ಇದ್ದರೆ ನಿಮಗೆ ಸರಿ. ಪೂರ್ತಿ ಭಾರದಲ್ಲಿ ಬ್ಯಾಟರಿ ಕೆಲವೇ ನಿಮಿಷ ಬರುತ್ತದೆ, ರೆಂಡರ್ ನಿಲ್ಲಿಸಿ ಆಫ್ ಮಾಡಲು ಅಷ್ಟು ಸಾಕು.

ಮೈಸೂರಿನಿಂದ

ಬ್ಲೆಂಡರ್‌ಗೆ 24 ಆಗುವುದಿಲ್ಲ ಸರ್. ಸೈಕಲ್ಸ್ ಇಡೀ ದೃಶ್ಯವನ್ನು ಎರಡು ಕಾರ್ಡಿನಲ್ಲೂ ಪೂರ್ತಿಯಾಗಿ ಇಡುತ್ತದೆ. ದೃಶ್ಯ 12 ಜಿಬಿಯಲ್ಲಿ ಹಿಡಿಸಲೇಬೇಕು. ಮಾನಿಟರ್ ಹಾಕಿದ ಕಾರ್ಡಿನಲ್ಲಿ ಅದಕ್ಕೂ ಸ್ವಲ್ಪ ಕಡಿಮೆ. ಭಾಷಾ ಮಾದರಿಗಳನ್ನು (ಚಾಟ್‌ಬಾಟ್ ಥರದ ಎಐ) ಮನೆಯಲ್ಲೇ ಓಡಿಸುವುದಾದರೆ ಬೇರೆ ಮಾತು. ಲಾಮಾ.ಸಿಪಿಪಿ ಅನ್ನುವ ಸಾಫ್ಟ್‌ವೇರ್ ಭಾಷಾ ಮಾದರಿಯ ಪದರಗಳನ್ನು ಎರಡು ಕಾರ್ಡಿಗೆ ಹಂಚುತ್ತದೆ. ಹಾಗಾಗಿ ಒಂದರಲ್ಲಿ ಹಿಡಿಸದ ದೊಡ್ಡ ಮಾದರಿ ಎರಡರಲ್ಲಿ ಹಿಡಿಸುತ್ತದೆ. ವೇಗ ಮಾತ್ರ ಇಮ್ಮಡಿ ಆಗುವುದಿಲ್ಲ, ಒಂದು ಕಾರ್ಡ್ ಮುಗಿಸಿದ ಮೇಲೆ ಇನ್ನೊಂದರ ಸರದಿ.

ಸಮಯ ಅರ್ಧಕ್ಕೆ ಬಾರದಿರಲು ಕಾರಣ, ಪ್ರತಿ ಫ್ರೇಮ್‌ನ ಶುರುವಿನಲ್ಲಿ ದೃಶ್ಯ ಸಿದ್ಧ ಮಾಡಿ ಕಾರ್ಡಿಗೆ ಕಳಿಸುವ ಕೆಲಸ. ಆ ಹೊತ್ತಿನಲ್ಲಿ ಎರಡು ಕಾರ್ಡೂ ಸುಮ್ನೆ ಕೂತಿರುತ್ತವೆ. ನಿಮ್ಮ ಕೆಳಗಿನ ಸ್ಲಾಟ್ ಜೆನ್ 3 ಎಕ್ಸ್4, ಸೆಕೆಂಡಿಗೆ ಸುಮಾರು 4 ಜಿಬಿ. ಮೇಲಿನದು ಜೆನ್ 4 ಎಕ್ಸ್16, ಸುಮಾರು 31 ಜಿಬಿ. ದೃಶ್ಯ ಒಮ್ಮೆ ಒಳಗೆ ಹೋದ ಮೇಲೆ ಲೆಕ್ಕವೆಲ್ಲ ಕಾರ್ಡಿನೊಳಗೇ ನಡೆಯುವುದರಿಂದ ಈ ವ್ಯತ್ಯಾಸ ಅಷ್ಟು ಕಾಡುವುದಿಲ್ಲ. ರೆಂಡರ್ ಪ್ರಾಪರ್ಟೀಸ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ‘ಪರ್ಸಿಸ್ಟೆಂಟ್ ಡೇಟಾ’ ಟಿಕ್ ಮಾಡಿ. ವಾಕ್‌ಥ್ರೂನಲ್ಲಿ ಓಡುವುದು ಕ್ಯಾಮೆರಾ ಮಾತ್ರ, ಮನೆ ಅಲ್ಲೇ ಇರುತ್ತದಲ್ವಾ? ಪ್ರತಿ ಫ್ರೇಮ್‌ಗೂ ಎಲ್ಲವನ್ನೂ ಮತ್ತೆ ಕಳಿಸುವುದು ತಪ್ಪುತ್ತದೆ.

ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವ ದಾರಿ ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದು. ಔಟ್‌ಪುಟ್ ವಿಭಾಗದಲ್ಲಿ ‘ಓವರ್‌ರೈಟ್’ ಟಿಕ್ ತೆಗೆಯಿರಿ, ‘ಪ್ಲೇಸ್‌ಹೋಲ್ಡರ್ಸ್’ ಟಿಕ್ ಹಾಕಿ. ಔಟ್‌ಪುಟ್ ವಿಡಿಯೋ ಆಗಿರಬಾರದು, ಪಿಎನ್‌ಜಿ ಫ್ರೇಮುಗಳಾಗಿರಬೇಕು. ಬ್ಲೆಂಡರನ್ನು ಎರಡು ಸಲ ತೆರೆದು ಅದೇ ಫೈಲು ಕೊಡಿ. ಒಂದರಲ್ಲಿ ಮೊದಲ ಕಾರ್ಡ್ ಮಾತ್ರ ಆರಿಸಿ, ಇನ್ನೊಂದರಲ್ಲಿ ಎರಡನೆಯದು ಮಾತ್ರ. ಒಂದು ಹಿಡಿದ ಫ್ರೇಮನ್ನು ಇನ್ನೊಂದು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಒಂದು ಕಾರ್ಡ್ ಇನ್ನೊಂದಕ್ಕೆ ಕಾಯುವುದಿಲ್ಲ. ಫೈಲು ಎರಡು ಸಲ ತೆರೆಯುವುದರಿಂದ ರ‍್ಯಾಮ್ ಇಮ್ಮಡಿ ಬೇಕು, ಅದೊಂದು ನೋಡಿಕೊಳ್ಳಿ.

ದಾವಣಗೆರೆಯಿಂದ

ಎರಡು ಬ್ಲೆಂಡರ್ ವಿಧಾನ ತುಂಬ ಚೆನ್ನಾಗಿದೆ. ಈಗ ಕೆಲಸ ಬೆಳಗಾಗುವ ಮೊದಲೇ ಮುಗಿಯುತ್ತಿದೆ. ದೊಡ್ಡ ದೃಶ್ಯಗಳಲ್ಲಿ 32 ಜಿಬಿ ಸಾಲುತ್ತಿಲ್ಲ, ಮುಂದೆ 64 ಮಾಡಿಸುತ್ತೇನೆ. ಎಲ್ಲರಿಗೂ ತುಂಬ ಥ್ಯಾಂಕ್ಸ್.

ಮೇಲಿನ ಕಾರ್ಡ್ 80 ಡಿಗ್ರಿ ದಾಟುತ್ತಿದೆ, ಕೆಳಗಿನದು ಅಷ್ಟಿಲ್ಲ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ಸಾಫ್ಟ್‌ವೇರ್‌ನಲ್ಲಿ ಮೇಲಿನ ಸ್ಲಾಟ್ ಜೆನ್ 1 ಅಂತ ತೋರಿಸುತ್ತಿದೆ. ಇವು ತೊಂದರೆಯಾ?

ಮೈಸೂರಿನಿಂದ

ಜೆನ್ 1 ತೋರಿಸುವುದು ತೊಂದರೆ ಅಲ್ಲ. ಕೆಲಸ ಇಲ್ಲದಾಗ ಕಾರ್ಡ್ ಕರೆಂಟ್ ಉಳಿಸಲು ಲಿಂಕ್ ವೇಗ ಇಳಿಸುತ್ತದೆ. ರೆಂಡರ್ ಓಡುವಾಗ ನೋಡಿ, ಮೇಲಿನದು 4.0 ಎಕ್ಸ್16, ಕೆಳಗಿನದು 3.0 ಎಕ್ಸ್4 ಅಂತ ಬರಬೇಕು.

ಬಿಸಿಯನ್ನು ಮಾತ್ರ ಬಿಡಬೇಡಿ. ಕೆಳಗಿನ ಕಾರ್ಡ್ ಬಿಟ್ಟ ಬಿಸಿ ಗಾಳಿಯನ್ನೇ ಮೇಲಿನದು ಎಳೆದುಕೊಳ್ಳುತ್ತದೆ. 3060 ಸಾಮಾನ್ಯವಾಗಿ 83 ಡಿಗ್ರಿ ಹತ್ತಿರ ತಾನೇ ವೇಗ ಇಳಿಸಲು ಶುರು ಮಾಡುತ್ತದೆ. ಎರಡರಲ್ಲಿ ದಪ್ಪ ಕಡಿಮೆ ಇರುವ ಕಾರ್ಡನ್ನು ಮೇಲೆ ಹಾಕಿದರೆ ನಡುವೆ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ. ಕ್ಯಾಬಿನೆಟ್ ಮುಂದೆ ಗಾಳಿ ಒಳಗೆ ತಳ್ಳುವ ಫ್ಯಾನ್ ಎರಡಾದರೂ ಇರಲಿ, ದೂಳಿನ ಜಾಲರಿ ಆಗಾಗ ತೊಳೆಯಿರಿ. ಏಪ್ರಿಲ್-ಮೇನಲ್ಲಿ ದಾವಣಗೆರೆಯ ಸೆಕೆಗೆ ಇಷ್ಟೂ ಸಾಲದಿದ್ದರೆ ಮೇಲಿನ ಕಾರ್ಡಿನ ಮಿತಿಯನ್ನು ಮಾತ್ರ 115ಕ್ಕೆ ಇಳಿಸಿ. ಹೊಸ ಪವರ್ ಸಪ್ಲೈ ಬಂದ ಮೇಲೂ 170ಕ್ಕೆ ಏರಿಸಬೇಡಿ ಅನ್ನುವುದು ನನ್ನ ಅಭಿಪ್ರಾಯ.