ಟೊಮೆಟೊ ರೇಟು ಏರಿದರೆ ರೈತರು ಮಂಡಿಗೆ, ಇಳಿದರೆ ನಮ್ಮ ಗೇಟಿಗೆ. ಒಪ್ಪಂದ ಹೇಗೆ ಮಾಡೋದು?

ಮುಳಬಾಗಿಲು_ಪಲ್ಪ್:
ದಿನಕ್ಕೆ 6 ಟನ್ ಟೊಮೆಟೊ ಅರೆದು ಪಲ್ಪ್, ಪೇಸ್ಟ್ ಮಾಡುವ ಸಣ್ಣ ಘಟಕ ನಮ್ಮದು. ಸುತ್ತಲಿನ ರೈತರ ಜೊತೆ ಕೆ.ಜಿ.ಗೆ 10 ರೂ. ಅಂತ ಮಾತಾಗಿದೆ. ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸು 450 ಮುಟ್ಟಿದರೆ ಒಂದು ಕ್ರೇಟೂ ಬರಲ್ಲ. 80ಕ್ಕೆ ಬಿದ್ದರೆ ಒಪ್ಪಂದ ಇಲ್ಲದವರೂ ಟೆಂಪೋ ತಂದು ನಿಲ್ಲಿಸ್ತಾರೆ. ಬಾಂಡ್ ಪೇಪರ್‌ನಲ್ಲಿ ಬರೆಸಿಕೊಂಡರೆ ಸರಿಹೋಗುತ್ತಾ?

ಮಾಲೂರು_ಲೆಕ್ಕ:
ಬಾಂಡ್ ಪೇಪರ್ ಹಿಡಿದು ರೈತನ ಮೇಲೆ ಕೇಸು ಹಾಕ್ತೀರಾ ಸರ್? ಆಮೇಲೆ ಆ ಊರಿಂದಲೇ ಹಣ್ಣು ಬರಲ್ಲ. 450 ಅಂದರೆ ಕೆ.ಜಿ.ಗೆ 30. ಅದನ್ನು 10ಕ್ಕೆ ಯಾರು ಕೊಡ್ತಾರೆ?

ಒಂದೇ ರೇಟು ಬಿಟ್ಟು ಸೂತ್ರ ಬರೆಯಿರಿ. ತಳದ ದರ 8 ರೂ. ಅನ್ನಿ, ನಿಮ್ಮ ಕಡೆಯ ಕೂಲಿ, ಬಾಡಿಗೆ ನೋಡಿ ಹೊಂದಿಸಿಕೊಳ್ಳಿ. ಹಿಂದಿನ ವಾರದ ಮಂಡಿ ಸರಾಸರಿ 8ರಿಂದ 12ರವರೆಗೆ ಇದ್ದರೆ ಅದೇ ದರ, 12 ದಾಟಿದರೆ 12ರ ಜೊತೆಗೆ ಮೇಲಿನದರಲ್ಲಿ ಅರ್ಧ ರೈತನಿಗೆ. 30 ಇದ್ದಾಗ ಅವನಿಗೆ 21 ಸಿಗುತ್ತೆ. ಆದರೂ ಮಂಡಿಗಿಂತ 9 ಕಡಿಮೆಯೇ. ಅದಕ್ಕೇ ಪೂರ್ತಿ ತೋಟ ಕೇಳಬೇಡಿ. ದಪ್ಪ, ಗಟ್ಟಿ ಹಣ್ಣು ಮಂಡಿಗೆ ಹೋಗಲಿ. ಪ್ರತಿ ಕೊಯ್ಲಿನಲ್ಲೂ ಆರಿಸಿ ಉಳಿದ ಸಣ್ಣದು, ಪೂರ್ತಿ ಹಣ್ಣಾದದ್ದು, ಸೀಳಿದ್ದು ನಿಮಗೆ. ಪಲ್ಪ್‌ಗೆ ಗಾತ್ರ ಯಾಕೆ, ಬಣ್ಣ ಮತ್ತು ಬ್ರಿಕ್ಸ್ (ರಸದಲ್ಲಿ ಕರಗಿರುವ ಸಕ್ಕರೆ ಮುಂತಾದ ಅಂಶ ಶೇಕಡ ಎಷ್ಟು ಅನ್ನೋ ಅಳತೆ) ಇದ್ದರಾಯ್ತು. ತೊಟ್ಟಿನ ಸುತ್ತ ಹಸಿರು, ಬೂಸ್ಟು ಇದ್ದದ್ದು ಮಾತ್ರ ವಾಪಸ್. ಸೀಳಿದ ಹಣ್ಣು ಅದೇ ದಿನ ಅರೆಯಬೇಕು, ರಾತ್ರಿ ಉಳಿದರೆ ಬೂಸ್ಟು ಬೇಗ ಹಿಡಿಯುತ್ತೆ.

ಬ್ರಿಕ್ಸ್ ಗೇಟಿನಲ್ಲೇ, ರೈತನ ಕಣ್ಣೆದುರೇ ರಿಫ್ರಾಕ್ಟೋಮೀಟರ್‌ನಲ್ಲಿ ತೋರಿಸಿ. 28 ಬ್ರಿಕ್ಸ್ ಪೇಸ್ಟ್ ಒಂದು ಕೆ.ಜಿ.ಗೆ 4.5 ಬ್ರಿಕ್ಸ್ ಹಣ್ಣು 6.2 ಕೆ.ಜಿ. ಬೇಕು, 3.5 ಆದರೆ 8 ಕೆ.ಜಿ. ಸಿಪ್ಪೆ, ಬೀಜದ ನಷ್ಟ ಬೇರೆ. ಮಳೆ ಬಿದ್ದ ಮಾರನೇ ದಿನದ ಹಣ್ಣು ನೀರಾಗಿರುತ್ತೆ, ಅದಕ್ಕೂ ಬ್ರಿಕ್ಸ್ ಹೆಚ್ಚಿರೋ ಹಣ್ಣಿಗೂ ಒಂದೇ ದುಡ್ಡು ಕೊಟ್ಟರೆ ಒಳ್ಳೆ ಬೆಳೆಗಾರ ನಿಮ್ಮನ್ನು ಬಿಡ್ತಾನೆ.

ಶ್ರೀನಿವಾಸಪುರ_ನಾರು:
ಸೂತ್ರ ಸರಿ. ಆದರೆ ಎಷ್ಟೋ ತೋಟದ ಹಣ್ಣು ನಾಟಿಗೆ ಮುಂಚೆಯೇ ಮಂಡಿಯವರದ್ದಾಗಿರುತ್ತೆ. ನಾರು (ಸಸಿ), ಕಡ್ಡಿ, ದಾರ, ನೆಲಕ್ಕೆ ಹೊದಿಸೋ ಮಲ್ಚಿಂಗ್ ಶೀಟಿಗೆ ಅಲ್ಲಿಂದ ಮುಂಗಡ ತಂದಿರ್ತಾರೆ. ಆ ಬಾಕಿ ಇರೋವರೆಗೆ ನೀವು 21 ಕೊಡ್ತೀವಿ ಅಂದರೂ ಅವರು ನಿಮಗೆ ಹಣ್ಣು ಕೊಡೋಕಾಗಲ್ಲ. ಮಾತುಕತೆಯ ಮೊದಲ ದಿನವೇ ಕೇಳಿ. ನೀವೇ ನಾರು, ಕಡ್ಡಿ ಕೊಡೋದಾದರೆ ವಸೂಲಿಯನ್ನು ಮೊದಲ ಐದು ಕೊಯ್ಲಿಗೆ ಹಂಚಿ. ಮೊದಲ ಲೋಡಿನಲ್ಲೇ ಪೂರ್ತಿ ಹಿಡಿದರೆ ಎರಡನೇ ಲೋಡು ರಾತ್ರೋರಾತ್ರಿ ಮಂಡಿಗೆ.

ನಾಟಿಯನ್ನೂ 15 ದಿನದ ಅಂತರದಲ್ಲಿ ತಂಡ ತಂಡವಾಗಿ ಮಾಡಿಸಿ. ನಾಟಿಯಾಗಿ 65–70 ದಿನಕ್ಕೆ ಹಣ್ಣು ಶುರು, ಆಮೇಲೆ ನಾಲ್ಕೈದು ದಿನಕ್ಕೊಂದು ಕೊಯ್ಲು. ಬಿಳಿನೊಣದಿಂದ ಎಲೆಮುದುರು ರೋಗ ಬಂದು ಒಂದು ತಂಡ ಹೋದರೂ ಘಟಕ ಖಾಲಿ ಕೂರಲ್ಲ.

ಮುಳಬಾಗಿಲು_ಪಲ್ಪ್:
ಬಾಕ್ಸು 80 ಇದ್ದಾಗ 8 ರೂ. ಕೊಟ್ಟರೆ ಕೆ.ಜಿ.ಗೆ 2.67 ಹೆಚ್ಚು. 6 ಟನ್‌ಗೆ ದಿನಕ್ಕೆ 16,000 ಕೈಯಿಂದ ಹೋಗುತ್ತಲ್ಲ? ಬಾಯ್ಲರ್ ಕೆಟ್ಟರೆ ಏನು ಮಾಡೋದು?

ಮಾಲೂರು_ಲೆಕ್ಕ:
ಹೋಗುತ್ತೆ. ಆದರೆ ರೇಟು ಏರಿದ ದಿನ ಕೆ.ಜಿ.ಗೆ 9ರಂತೆ 54,000 ಉಳಿಯುತ್ತೆ. ನಿಜವಾಗಿ ಪೂರ್ತಿ ಅಷ್ಟು ಉಳಿಯಲ್ಲ, ಯಾಕಂದರೆ ಆರಿಸಿ ಬಿಟ್ಟ ಹಣ್ಣಿಗೆ ಮಂಡಿಯಲ್ಲೂ 30 ಬರಲ್ಲ. ಬಿದ್ದ ರೇಟಿನಲ್ಲಿ ಒಪ್ಪಂದದವರ ಹಣ್ಣು ಮೊದಲು ಇಳಿಸಿ, ಜಾಗ ಉಳಿದರೆ ಬೇರೆಯವರದ್ದು. ಅಗ್ಗದ ಕಾಲದಲ್ಲೇ ಪೇಸ್ಟ್ ಮಾಡಿ ಅಸೆಪ್ಟಿಕ್ (ಸೂಕ್ಷ್ಮಾಣು ಸೇರದಂತೆ ಮುಚ್ಚೋ) ಬ್ಯಾಗ್ ತುಂಬಿಡಿ, ದುಬಾರಿ ವಾರಗಳು ಅದರಲ್ಲೇ ಕಳೆಯುತ್ತೆ.

ಬಾಯ್ಲರ್ ಕೆಟ್ಟರೆ ಸೂಪರ್‌ವೈಸರ್ ಕೈಲಿ ಹೇಳಿಸಬೇಡಿ, ಹಿಂದಿನ ಸಂಜೆಯೇ ನೀವೇ ಫೋನ್ ಮಾಡಿ. ಕಿತ್ತಮೇಲೆ ತಿಳಿಸಿದರೆ ಆ ದಿನದ ಹಣ್ಣಿಗೆ ತಳದ ದರ ನಿಮ್ಮದೇ ಹೊರೆ ಅಂತ ಒಪ್ಪಂದದಲ್ಲೇ ಬರೆಯಿರಿ.